ಗೆರೆ ಎಳೆಯದೆ

ಹಳೇ ಮಂಚದ ಕಾಲಿನಿಂದ ಕೊಯ್ದ ಎರಡು ಮರದ ತುಂಡುಗಳ ನಡುವೆ ಬಂದೂಕಿನ ನಳಿಗೆಯನ್ನಿಟ್ಟು ಗಂಡ ಮೇಜಿಗೆ ಕೂರಿಸಿದ ವೈಸ್‌ನ ಇಕ್ಕಳ ಬಿಗಿಯುತ್ತಿದ್ದಾಗ, ಅವಳು ಒದ್ದೆ ಕೈಯಲ್ಲೇ ಶೆಡ್ಡಿಗೆ ಬಂದಳು. ಬಾಗಿಲಿಗೆ ಮೈದುನ ಒರಗಿದ್ದ. ಪಕ್ಕದ ಮನೆಯವನನ್ನು ಗುಂಡಿಟ್ಟು ಸುಟ್ಟುಬಿಡುತ್ತೇನೆಂದು ಬೆಳಿಗ್ಗೆಯಷ್ಟೇ ಕೂಗಾಡಿದವನು ಅವನೇ. ಬಂದೂಕೂ ಅವನದೇ.

"ನಳಿಗೆ ಬಿಚ್ಚಿ ತೊಳೆದ್ರೆ ಗುರಿ ತಪ್ಪಲ್ಲ ಅಂದ್ಯಲ್ಲ ಅಣ್ಣ, ಸಂಜೆಗೆ ಸಿಗುತ್ತಾ?"

"ನೋಡೋಣ," ಎಂದ ಗಂಡ, ತಲೆಯೆತ್ತದೆ.

"ಏನ್ರೀ, ನೀವೂ ಇವನ ತಾಳಕ್ಕೆ ಕುಣಿಯೋದಾ?"

"ಒಲೆ ಮೇಲೆ ಏನಿಟ್ಟಿದ್ದೀಯೋ ಹೋಗಿ ನೋಡು."

"ಅಣ್ಣ ನನ್ನ ಪಾರ್ಟಿ ಅತ್ತಿಗೆ," ಎಂದು ಮೈದುನ ನಕ್ಕ.

ಅವಳು ಕದಲಲಿಲ್ಲ. ಇಷ್ಟು ವರ್ಷ ಅನ್ನ ಬಡಿಸಿದ್ದು ಇಂಥ ಗಂಡನಿಗೇನಾ ಎಂದುಕೊಂಡು ಅವನ ಕೈಯನ್ನೇ ನೋಡಿದಳು. ಲಾರಿಯ ಸವೆದ ಸ್ಪ್ರಿಂಗ್ ಪಟ್ಟಿಯಲ್ಲಿ ತಾನೇ ಕೊರೆದುಕೊಂಡ ಸ್ಪ್ಯಾನರನ್ನು ಅವನು ನಳಿಗೆ ಸೇರುವ ಕಡೆ ಬಂದೂಕಿನ ಬುಡಕ್ಕೆ ಕಚ್ಚಿಸಿದ. ಆಗ ಅವಳಿಗೆ ಹೊಳೆಯಿತು: ಗೆರೆಯೇ ಇಲ್ಲ. ಪಂಪಾಗಲಿ, ಹೊಲಿಗೆ ಯಂತ್ರವಾಗಲಿ, ಮತ್ತೆ ಜೋಡಿಸಬೇಕಾದ್ದನ್ನು ಬಿಚ್ಚುವ ಮೊದಲು ಅವನು ಎರಡೂ ಭಾಗ ಸೇರುವ ಕಡೆ ಮೊಳೆಯಿಂದ ಅಡ್ಡಗೆರೆ ಎಳೆಯುತ್ತಿದ್ದ. ಗುಜರಿಗೆ ಹಾಕುವುದಕ್ಕೆ ಮಾತ್ರ ಎಳೆಯುತ್ತಿರಲಿಲ್ಲ.

ಗಂಡ ಒಮ್ಮೆ ಅವಳತ್ತ ನೋಡಿ, ಕಣ್ಣು ಕೆಳಗಿಳಿಸಿದ. ಸ್ಪ್ಯಾನರ್ ಜಗ್ಗಲಿಲ್ಲ.

ಅವಳು ಸೆರಗಿಗೆ ಕೈ ಒರೆಸಿಕೊಂಡು, ಮೂಲೆಯಲ್ಲಿದ್ದ ಉದ್ದದ ಕಬ್ಬಿಣದ ಪೈಪನ್ನು ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿದಳು.

"ಹ್ಞೂಂ, ನಾನೂ ಒತ್ತುತ್ತೀನಿ," ಎಂದಳು.