ಪೈಪು ಹಿಡಿದು ಓಡಿದವರು

ತೆರೆಯ ಮೇಲೆ ಗೋದಾಮು ಹೊತ್ತಿ ಉರಿಯುತ್ತಿತ್ತು, ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಹಳೆಯ ಮೂಕಿ ರೀಲಿನಲ್ಲಿ ಬೆಂಕಿ ಆರಿಸುವವರು ಕೀಲಿ ಕೊಟ್ಟ ಗೊಂಬೆಗಳಂತೆ ಕುಣಿಯುತ್ತಿದ್ದರು. ಜನ ಇನ್ನಷ್ಟು ನಗಲೆಂದು ಪ್ರೊಜೆಕ್ಟರಿನವನು ವೇಗ ಏರಿಸಿದ.

ಮುಂದಿನ ಸಾಲಿನಿಂದ ಮುದುಕಿಯೊಬ್ಬಳು ಎದ್ದು ಅವನತ್ತ ತಿರುಗಿದಳು. "ಸ್ವಲ್ಪ ನಿಧಾನಕ್ಕೆ ಬಿಡಪ್ಪಾ. ಪೈಪು ಹಿಡ್ಕೊಂಡು ಮುಂದೆ ಓಡಿದೋರೇ ನಮ್ಮಪ್ಪ ಅಂತ ಅಮ್ಮ ಹೇಳ್ತಿದ್ಲು. ನಾನು ಹೊಟ್ಟೇಲಿದ್ದಾಗ್ಲೇ ಈ ಬೆಂಕೀಲಿ ಹೋಗ್ಬಿಟ್ರು. ಒಂದ್ಸಲ ಮುಖ ನೋಡ್ಬೇಕು."

ನಗು ನಿಂತಿತು. ಅವನು ವೇಗದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. ಗೊಂಬೆ ಮನುಷ್ಯನಾಯಿತು. ಮೀಸೆ ಚಿಗುರುತ್ತಿದ್ದ ಯುವಕನೊಬ್ಬ ಭಾರದ ಪೈಪನ್ನು ಹೆಗಲಿಗೇರಿಸಿ, ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಹೊಗೆಯೊಳಗೆ ಹೋದ. ರೀಲು ಮುಗಿಯಿತು.

"ಎಷ್ಟು ಚಿಕ್ಕೋರಪ್ಪಾ ನಮ್ಮಪ್ಪ!" ಕತ್ತಲಲ್ಲಿ ಮುದುಕಿಯ ದನಿ ಕೇಳಿತು. "ನಿಂಗೆ ಪುಣ್ಯ ಬರ್ಲಿ ಕಣಪ್ಪಾ."

ದೀಪ ಹಾಕಿದರೆ ಅವಳಿಗೆ ಮುಖ ತೋರಿಸಬೇಕಲ್ಲ ಎಂದು ಪ್ರೊಜೆಕ್ಟರಿನವನು ಸ್ವಿಚ್ಚಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದ.