ಕಣ್ಣು ಮುಚ್ಚಿ ನಿಲ್ಲಲಾಗದ ಅಮ್ಮ

ಗಂಧದ ಸಾಬೂನಿನ ವಾಸನೆ ಬಂದರೆ ಈಗಲೂ ತ್ರಿಪ್ಪುಣಿತ್ತುರದ ಬಾಡಿಗೆ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದವಳೇ ಯಾರೋ ತಳ್ಳಿದಂತೆ ಹಿಂದಕ್ಕೆ ಬಿದ್ದಳು. ನೊರೆಯಲ್ಲಿ ರಕ್ತ ಬೆರೆಯಿತು. ಎಷ್ಟೋ ತಿಂಗಳಿಂದ ಅವಳ ಪಾದಗಳೂ ಕೈಬೆರಳುಗಳೂ ಜೋಮು ಹಿಡಿದಿದ್ದವು. ಹತ್ತಿಯ ಮೇಲೆ ನಡೆದ ಹಾಗಾಗುತ್ತೆ ಎನ್ನುತ್ತಿದ್ದಳು. "ಬ್ಯಾಂಕಲ್ಲಿ ದಿನವಿಡೀ ಕೂತೇ ಇರ್ತೀಯಲ್ಲ, ಅದಕ್ಕೇ," ಎನ್ನುತ್ತಿದ್ದರು ಅಪ್ಪ.

ತಲೆಯ ಗಾಯಕ್ಕೆ ಹೊಲಿಗೆ ಹಾಕಿದ ಡಾಕ್ಟರು ಅವಳನ್ನು ನಿಲ್ಲಿಸಿ, "ಚೇಚಿ, ಕಣ್ಣು ಮುಚ್ಚಿ," ಎಂದು ಅಕ್ಕನನ್ನು ಕರೆದಂತೆ ಮಲಯಾಳಂನಲ್ಲಿ ಹೇಳಿದರು. ಮುಚ್ಚಿದ ಕೂಡಲೇ ಅಮ್ಮ ವಾಲಿದಳು. ಅಪ್ಪ ಹಿಡಿದುಕೊಂಡರು.

"ಸಸ್ಯಾಹಾರಿಗಳಾ? ಹಾಲು, ಮೊಸರು ತಗೋತೀರಾ?"

"ಬಿಟ್ಟು ವರ್ಷಗಳಾದವು."

"ಯಾಕೆ?"

ಅಮ್ಮ ನನ್ನತ್ತ ನೋಡಿದಳು. "ಇವಳು ಹುಟ್ಟಿದಾಗ ಉಳಿಯೋ ಹಾಗಿರಲಿಲ್ಲ. ಹರಕೆ ಹೊತ್ತಿದ್ದೆ."

ಡಾಕ್ಟರು ಚೀಟಿ ಬರೆಯತೊಡಗಿದರು. "ಹಾಲಲ್ಲಿ ಸಿಗೋ ಬಿ12 ವಿಟಮಿನ್ ಇಲ್ಲದೆ ನರಗಳು ಸವೆದಿರಬೇಕು. ಪಾದಕ್ಕೆ ನೆಲ ಗೊತ್ತಾಗ್ತಿಲ್ಲ, ಅದಕ್ಕೇ ಕಣ್ಣು ಮುಚ್ಚಿದ್ರೆ ಬೀಳ್ತೀರಿ. ರಕ್ತ ನೋಡಿ ಇಂಜೆಕ್ಷನ್ ಶುರು ಮಾಡೋಣ. ಆದ್ರೆ ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳಲಾರೆ."

ಆಟೋದಲ್ಲಿ ಅಪ್ಪ ಅಮ್ಮನತ್ತ ತಿರುಗಿದರು. "ಇನ್ನಾದ್ರೂ ಹಾಲು ಕುಡಿ."

"ಇಂಜೆಕ್ಷನ್ ತಗೋತೀನಿ. ಹರಕೆ ವಿಷಯಕ್ಕೆ ಮಾತ್ರ ಬರಬೇಡಿ," ಎಂದಳು ಅಮ್ಮ.

ಅವಳ ಕೈಬೆರಳುಗಳು ನಿಧಾನವಾಗಿ ಚೇತರಿಸಿಕೊಂಡವು, ಪಾದಗಳಿಗೆ ಸ್ಪರ್ಶ ಮರಳಲಿಲ್ಲ. ದೇವಸ್ಥಾನದಲ್ಲಿ ಅವಳು ಮೊದಲು ನನ್ನ ಭುಜವನ್ನು ಬಿಗಿಯಾಗಿ ಹಿಡಿದು, ಆಮೇಲೆ ಕಣ್ಣು ಮುಚ್ಚುತ್ತಿದ್ದಳು. ಅವಳ ಪ್ರಾರ್ಥನೆ ಮುಗಿಯುವವರೆಗೂ ನಾನು ಅಲುಗಾಡದೆ ನಿಂತಿರುತ್ತಿದ್ದೆ.