ಆರ್ಡಿಸ್ ಬರೆದ ಅಂಕಿ

ಮೂರು ಚೀಟಿಗಳೂ ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದವು. ಡ್ವೇನ್ ತನ್ನದನ್ನು ತಿರುಗಿಸಿದ, ಎರಡೂಕಾಲು. ಪಾಲೀನ್ ಬರೆದದ್ದೂ ಅಷ್ಟೇ. ಆಮೇಲೆ ಇಬ್ಬರೂ ಆರ್ಡಿಸ್‌ಳ ಚೀಟಿಯತ್ತ ಬಾಗಿದರು. ಅದರಲ್ಲಿ ಎರಡೂವರೆ ಎಂದಿತ್ತು.

ಬರುವ ವರ್ಷ ರಾಜ್ಯದ ತೆರಿಗೆ ವರಮಾನ ಶೇಕಡಾ ಎಷ್ಟು ಏರೀತು ಎಂದು ಈ ಮೂವರು ಒಮ್ಮತದಿಂದ ಹೇಳಬೇಕು. ರಾಜ್ಯವಾಳುವ ಗವರ್ನರ್ ಕಡೆಯಿಂದ ಆರ್ಡಿಸ್, ಶಾಸನಸಭೆಯ ಎರಡು ಸದನಗಳ ಕಡೆಯಿಂದ ಡ್ವೇನ್ ಮತ್ತು ಪಾಲೀನ್. ಒಬ್ಬರು ತಲೆಯಾಡಿಸದಿದ್ದರೂ ಯಾರೂ ಎದ್ದು ಹೋಗುವಂತಿಲ್ಲ. ಅವರು ಹೇಳಿದ ಅಂಕಿಯ ಮೇಲೆಯೇ ಬಜೆಟ್ಟು ನಿಲ್ಲುವುದು. ಅಂಕಿ ಎರಡಕ್ಕಿಂತ ಇಳಿದರೆ ಮೊದಲು ಬಾಗಿಲು ಹಾಕುವುದು ಹೋಲ್ಟನ್ ಊರಿನ ಸರ್ಕಾರಿ ಆಸರೆಮನೆಗೆ ಎಂದು ಗವರ್ನರ್ ಆಗಲೇ ಹೇಳಿಯಾಗಿತ್ತು. ಮಾತು ಬಾರದ, ತಾನಾಗಿ ಉಣ್ಣಲೂ ಆಗದ ರೋಲ್ಫ್ ಚಿಕ್ಕಂದಿನಿಂದ ಇರುವುದು ಅಲ್ಲೇ. ಅವನು ಆರ್ಡಿಸ್‌ಳ ತಮ್ಮ. ಇದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯ ಸಂಕಟವನ್ನು ಕಚೇರಿಗೆ ಹೊತ್ತು ತರುವ ಪೈಕಿ ಅವಳಲ್ಲ.

ಅವಳ ಮನಸ್ಸಿನಲ್ಲಿದ್ದ ಅಂಕಿ ಒಂದೂಕಾಲು. ದೇಶದ ಲೆಕ್ಕವೇನೋ ಚೆನ್ನಾಗಿಯೇ ಕಾಣುತ್ತಿತ್ತು, ಷೇರುಪೇಟೆ ಏರುತ್ತಿತ್ತು, ಕರಾವಳಿಯ ದೊಡ್ಡ ಊರುಗಳಲ್ಲಿ ಸಂಬಳವೂ ಏರುತ್ತಿತ್ತು. ಆದರೆ ಆ ಸಿರಿ ಈ ಮೆಕ್ಕೆಜೋಳದ ಸೀಮೆಯ ಕಡೆ ತಿರುಗಿ ನೋಡುವ ಲಕ್ಷಣ ಅವಳಿಗೆ ಕಾಣಲಿಲ್ಲ. ಜೋಳದ ಬೆಲೆ ನೆಲಕಚ್ಚಿತ್ತು. ಟ್ರ್ಯಾಕ್ಟರ್ ಕಾರ್ಖಾನೆ ಎರಡನೆಯ ಪಾಳಿ ನಿಲ್ಲಿಸಿತ್ತು. ಸಂಬಳದಿಂದ ಮುರಿದುಕೊಳ್ಳುವ ತೆರಿಗೆ ತಿಂಗಳಿಂದ ತಿಂಗಳಿಗೆ ಸೊರಗುತ್ತಿತ್ತು. ಪ್ರತಿ ಸಲವೂ ಇಂಥದ್ದನ್ನೆಲ್ಲ ಮುಂದಿಟ್ಟು, ಜಗ್ಗಾಡಿ, ಅವಳು ಉಳಿದವರನ್ನು ಕೆಳಗಿಳಿಸುತ್ತಿದ್ದಳು. ಪ್ರತಿ ಸಲವೂ ಅವಳ ಮಾತೇ ನಿಜವಾಗುತ್ತಿತ್ತು. ಈ ಸಲ ಅವರು ಎರಡರ ಆಸುಪಾಸು ಬರೆದಾರು, ತಾನೊಂದಿಷ್ಟು ಮೇಲೆ ಬರೆದರೆ ಅಂಕಿ ಎರಡು ದಾಟಿ ನಿಂತೀತು, ರೋಲ್ಫ್ ಇನ್ನೊಂದು ವರ್ಷ ತನ್ನ ಹಾಸಿಗೆಯಲ್ಲೇ ಮಲಗಿಯಾನು ಎಂದುಕೊಂಡಿದ್ದಳು. ಜೀವಮಾನದಲ್ಲಿ ಮೊದಲ ಸುಳ್ಳು ಲೆಕ್ಕ. ಊಟಕ್ಕೆ ತಂದಿಟ್ಟ ಚಿಲಿ ಎಂಬ ಖಾರದ ಬೀನ್ಸ್ ಸಾರು, ದಾಲ್ಚಿನ್ನಿ ಬನ್ನು ಎರಡನ್ನೂ ಅವಳು ಮುಟ್ಟಿರಲಿಲ್ಲ.

"ಮದುವೆ ಮನೆಗೂ ಛತ್ರಿ ಹಿಡ್ಕೊಂಡು ಹೋಗೋಳು ಇವ್ಳು," ಎಂದ ಡ್ವೇನ್, ಚೀಟಿಯನ್ನು ಬೆಳಕಿಗೆ ಹಿಡಿದು. "ಇವ್ಳೇ ಎರಡೂವರೆ ಅಂದ್ರೆ, ಪಾಲೀನ್, ನಾವಿಬ್ರೂ ಎಲ್ಲೋ ನಿದ್ದೆ ಹೊಡೀತಾ ಇದೀವಿ."

ಸಮಿತಿಗೆ ಹೊಸಬಳಾದ ಪಾಲೀನ್ ನಾಚಿಕೊಂಡು ನಿಜ ಹೇಳಿದಳು. ಅವಳಿಗೆ ಮೂರು ಎನಿಸಿತ್ತಂತೆ. ಆರ್ಡಿಸ್ ಬೈದಾರು ಎಂದು ಹೆದರಿ ಇಳಿಸಿದ್ದಳಂತೆ. ಡ್ವೇನ್ ಮೇಜು ಕುಟ್ಟಿ ತನ್ನದೂ ಅದೇ ಕಥೆ ಎಂದ. ನೋಡನೋಡುತ್ತಿದ್ದಂತೆ ಮಾತು ಮೂರಕ್ಕೆ ಏರಿತು.

ಆರ್ಡಿಸ್ ತಡೆಯಲು ಕೈ ಎತ್ತಿದಳು. ಎರಡೂಕಾಲೇ ಸಾಕು ಎಂದಳು. ಕಾರ್ಖಾನೆಯ ಪಾಳಿ, ಜೋಳದ ಬೆಲೆ, ಸೊರಗಿದ ತೆರಿಗೆ, ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದಳು. ಛತ್ರಿ ಬಿಚ್ಚಿದಳು ನೋಡು ಎಂದು ಡ್ವೇನ್ ನಕ್ಕ. ಪಾಲೀನ್ ಮಾತ್ರ ಗಂಭೀರವಾಗಿಯೇ ಕೇಳಿದಳು.

"ಇಷ್ಟೆಲ್ಲ ಗೊತ್ತಿದ್ದೂ ನೀವು ಎರಡೂವರೆ ಬರ್ದಿದೀರಿ ಅಂದ್ಮೇಲೆ, ನಮಗೆ ಕಾಣ್ದೇ ಇರೋದು ಏನೋ ನಿಮ್ಗೆ ಕಂಡಿರ್ಬೇಕಲ್ವಾ?"

ನಿಜ ಹೇಳಿದರೆ ಅಂಕಿ ಎರಡರ ಕೆಳಗೆ ಇಳಿಯುವುದು ಆರ್ಡಿಸ್‌ಗೆ ಗೊತ್ತಿತ್ತು. ಮೂರು ಎಂದು ಬರೆದ ಹಾಳೆ ಎದುರಿಗೆ ಬಂದಾಗ ರೋಲ್ಫ್‌ನ ಮುಖ ನೆನೆದು ಸಹಿ ಹಾಕಿಬಿಟ್ಟಳು. ಪಾಲೀನ್ ಅದನ್ನು ಹಿಡಿದು ಶಾಸನಸಭೆಯ ಸ್ಪೀಕರ್ ಬಳಿಗೆ ಓಡಿದಳು. ಮೂರು ಬಂದರೆ ಜನರ ತೆರಿಗೆ ಇಳಿಸಿಯೇ ತೀರುತ್ತೇನೆ ಎಂದು ಆತ ವಾರದಿಂದ ಸಾರುತ್ತಿದ್ದ. ಇಲ್ಲದ ಹಣವನ್ನು ಹಂಚಲು ಹೊರಟಿದ್ದರು. ಹಾಗಾದರೆ ನಾಳೆ ಮುಚ್ಚುವುದು ಹೋಲ್ಟನ್ ಒಂದೇ ಅಲ್ಲ ಎಂದು ಆರ್ಡಿಸ್‌ಗೆ ಗೊತ್ತಾಗುತ್ತಿತ್ತು, ಆದರೂ ಕೂತಲ್ಲೇ ಕೂತಿದ್ದಳು.

ಡ್ವೇನ್ ಕಿಟಕಿಯ ಬಳಿ ನಿಂತು ಫೋನ್ ಹಚ್ಚಿದ್ದ. ಹೊರಗೆ ಹಿಮ ಬೀಳತೊಡಗಿತ್ತು. ಮಾತು ಮಗನ ಜೊತೆ ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಹುಡುಗ ಟ್ರ್ಯಾಕ್ಟರ್ ಮಾರುವ ಅಂಗಡಿಯೊಂದನ್ನು ಕೊಳ್ಳಲು ಬ್ಯಾಂಕಿನಲ್ಲಿ ಕೂತಿದ್ದ. ಸಾಲಕ್ಕೆ ಅಡವು ಡ್ವೇನ್‌ನ ಮನೆ.

"ಅಂಕಿ ಹೇಳೋ ಹಾಗಿಲ್ಲ ಕಣೋ," ಎನ್ನುತ್ತಿದ್ದ ಡ್ವೇನ್. "ಆದ್ರೆ ಆರ್ಡಿಸ್ ಹೆದರಿಲ್ಲ. ಅಷ್ಟು ಸಾಕು ನಂಗೆ. ಮುಂದುವರಿ ನೀನು."

ಆರ್ಡಿಸ್ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಹೋಗಿ ಅವನ ತೋಳು ಹಿಡಿದುಕೊಂಡಳು.

"ಬೇಡ ಅನ್ನು ಡ್ವೇನ್. ನಾನು ಬರ್ದಿದ್ದು ಸುಳ್ಳು. ಒಂದೂಕಾಲು ಬಂದ್ರೆ ದೊಡ್ಡದು. ಹೋಲ್ಟನ್‌ನಲ್ಲಿ ನನ್ನ ತಮ್ಮ ಇದಾನೆ, ಅವ್ನಿಗೋಸ್ಕರ ಬರ್ದೆ."

ಡ್ವೇನ್‌ನ ಮುಖದ ನಗು ತಕ್ಷಣ ಹೋಗಲಿಲ್ಲ. ನಿಧಾನವಾಗಿ ಫೋನು ಹಿಡಿದ ಕೈ ಕೆಳಗಿಳಿಯಿತು. ಆ ಕಡೆಯ ದನಿ ಇಬ್ಬರಿಗೂ ಕೇಳಿಸುತ್ತಿತ್ತು.

"ಅಪ್ಪಾ, ಇದೀಯಾ? ಸೈನ್ ಹಾಕ್ದೆ. ಆರ್ಡಿಸ್ ಆಂಟಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು."